ಮೂಗೊರೆಸಿದ ಮರಿ

"ನಿಮ್ ಕೇರಿ ಹೊಲಸನ್ನೆಲ್ಲ ನನ್ ಮನೆಗೆ ಹೊತ್ಕೊಂಡ್ ಬಂದ್ಯಲ್ಲೇ, ರಂಡೆ! ನಿಂತ್ಕೋ ಅದ್ರೊಳಗೆ!"

ಯಜಮಾನ ತೋರಿಸಿದ ಫಿನಾಯಿಲ್ ತಟ್ಟೆಯೊಳಗೆ ಅವಳು ನಿಂತಳು. ಹಿಮ್ಮಡಿಯ ಬಿರುಕುಗಳಿಗೆ ಬೆಂಕಿ ಇಟ್ಟಂತಾಯಿತು.

ಜಾತಿನಾಯಿಗಳನ್ನು ಸಾಕಿ ಮರಿ ಮಾರುವ ಮನೆ ಅದು. ಗೂಡು ತೊಳೆಯುವುದು ಅವಳ ಕೆಲಸ. ಕೂಲಿ ಹೆಚ್ಚಿಸಿ ಎಂದು ಕೇಳಿದಾಗ, ನಾಯಿಗಳು ತಿಂದು ಮಿಗಿಸಿದ ಮಾಂಸದನ್ನವನ್ನು ಬಳಿದುಕೊಂಡು ಹೋಗು ಎಂದಿದ್ದ ಯಜಮಾನ. ಅದನ್ನವಳು ದಿನವೂ ಡಬ್ಬಿಯಲ್ಲಿ ಒಯ್ದು ತನ್ನ ಮನೆಬಾಗಿಲ ನಾಯಿ ಕೆಂಚನಿಗೆ ಸುರಿಯುತ್ತಿದ್ದಳು. ಚಿಲಕವಿಲ್ಲದ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಗೆ ಆ ನಾಯಿಯೇ ಕಾವಲು.

ಮರಿಗಳ ಸಮೇತ ಸೋವಿಗೆ ಸಿಕ್ಕಿತೆಂದು ಯಜಮಾನ ತಂದ ತಾಯಿನಾಯಿ ಮೊದಲು ಕೆಮ್ಮಿತು. ಶೀತ ಅಂದ. ಕಣ್ಣು, ಮೂಗು ಕೀವುಗಟ್ಟಿದವು. ಆಮೇಲೆ ಪಕ್ಕದ ಗೂಡಿನವು. ಆಮೇಲೆ ಕೆಂಚ. ಈಗ ಅದೂ ತಾಯಿನಾಯಿಯಂತೆ ಬಾಯಲ್ಲಿ ಏನೂ ಇಲ್ಲದೆ ಜಗಿಯುತ್ತಿದೆ. ಮಲಗಿದಲ್ಲೇ ಹಿಂಗಾಲು ಜಿಗಿಯುತ್ತಿದೆ.

ನಿನ್ನೆ ಬಂದ ಡಾಕ್ಟರು ಕೈಗವಸು ಬಿಚ್ಚುತ್ತ, "ಡಿಸ್ಟೆಂಪರ್, ನಾಯಿಯಿಂದ ನಾಯಿಗೆ ಅಂಟೋ ರೋಗ. ಲಸಿಕೆ ಹಾಕ್ಸಿದ್ರೆ ಬರ್ತಿರ್ಲಿಲ್ಲ. ಈಗ ಇದಕ್ಕೆ ಅಂತ ಮದ್ದಿಲ್ಲ. ಮರಿ ಮಾರ್ಬೇಡಿ," ಎಂದಿದ್ದರು.

"ಎಲ್ಲಿಂದ ಬಂತು ಸಾರ್ ಇದು?" ಎಂದ ಯಜಮಾನ.

ಡಾಕ್ಟರು ತಾಯಿನಾಯಿಯನ್ನು ನೋಡಿದರು, ಯಜಮಾನನನ್ನೂ ನೋಡಿದರು. "ಬೀದಿನಾಯಿಗಳಲ್ಲೂ ಇರುತ್ತೆ," ಎಂದು ಚೀಲ ಎತ್ತಿಕೊಂಡರು.

ಯಜಮಾನನಿಗೆ ಅಷ್ಟು ಸಾಕಾಯಿತು.

"ನಿಮ್ ಕೇರಿ ನಾಯಿಗಳ್ನ ಎತ್ತಾಕೋಕೆ ಫೋನ್ ಮಾಡಿದೀನಿ. ಸಂಜೆ ಗಾಡಿ ಬರುತ್ತೆ," ಎಂದ ಯಜಮಾನ, ತಟ್ಟೆಯಲ್ಲಿ ನಿಂತವಳಿಗೆ.

"ರೋಗ ಹೋಗಿದ್ದೇ ಇಲ್ಲಿಂದ, ಯಜಮಾನ್ರೇ. ನಾನೇ ಡಬ್ಬೀಲಿ ಹೊತ್ಕೊಂಡೋಗಿ ನನ್ ಕೈಯಾರೆ ಉಣಿಸ್ದೆ. ಒಂದ್ ಮಾತು ಹೇಳಿ, ಗಾಡಿ ನಿಲ್ಲುತ್ತೆ."

"ಉಂಡ ಮನೆ ಜಂತಿ ಎಣಿಸ್ತೀಯಾ?"

"ಉಂಡಿದ್ದು ನಾಯಿ. ನಾನಲ್ಲ."

ಅವನು ಕೈ ಎತ್ತುವಷ್ಟರಲ್ಲಿ ಕರೆಗಂಟೆ ಬಡಿಯಿತು. ಮರಿ ಕೊಳ್ಳುವವರು.

"ಮೂಗೊರೆಸಿ ತಗೊಂಬಾ. ಕೀವು ಕಾಣ್ಬಾರ್ದು."

ಅದೂ ಅವಳದೇ ಕೆಲಸ. ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ, ಬಂದವರು ಮಾತು ಮುಗಿಸಿ ಹೊರಡುವವರೆಗೆ ಮರಿಯ ಮೂಗು ಸೋರುವುದಿಲ್ಲ. ಹೀಗೆ ಒರೆಸಿದ ಮರಿಗಳು ಆಗಲೇ ಯಾರ‍್ಯಾರದೋ ಮನೆ ಸೇರಿದ್ದವು.

ಹಜಾರದಿಂದ ಹುಡುಗಿಯೊಬ್ಬಳ ದನಿ ಕೇಳಿತು: "ಅಮ್ಮಾ, ನಮ್ ನಾಯಿಗೆ ತಂಗಿ ಸಿಕ್ತಾಳೆ!"

ಅವಳು ಬಟ್ಟೆಯನ್ನು ಬಕೆಟ್ಟಿಗೆ ಎಸೆದಳು. ಕೀವುಗಣ್ಣಿನ ಮರಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. ತಾಯಿನಾಯಿಯನ್ನು ಹೆಗಲಿಗೆ ಹಾಕಿಕೊಂಡು, ಫಿನಾಯಿಲ್ ಕಾಲಲ್ಲೇ ಒಳಗೆ ನಡೆದು, ಅದನ್ನು ಸೋಫಾದ ಮೇಲೆ ಮಲಗಿಸಿದಳು.

"ತಾಯಿನ ನೋಡ್ದೆ ಕೂಸು ಒಯ್ತಾರೇನಮ್ಮಾ? ನೋಡ್ಕೊಳಿ."

ನಾಯಿಯ ದವಡೆ ಕಟಕಟ ಜಗಿಯತೊಡಗಿತು. ನೊರೆ ಇಳಿಯಿತು. ಬಂದಿದ್ದ ಹೆಂಗಸು ಮಗಳನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡಳು.

"ಹುಚ್ಚು ಮುಂಡೆ! ಮೇಡಂ, ಅದು ಇವಳ ಬೀದಿನಾಯಿ..."

ಹೆಂಗಸು ಮರಿಯ ಹಣೆಯ ಬಿಳಿ ಮಚ್ಚೆ ನೋಡಿದಳು. ತಾಯಿಯ ಹಣೆಯಲ್ಲೂ ಅದೇ ಮಚ್ಚೆ. ಮಗಳ ಕೈಹಿಡಿದು ಹೊರಟುಹೋದಳು.

ಯಜಮಾನ ಬಾಗಿಲು ಹಾಕಿ, ಸೊಂಟದ ಬೆಲ್ಟು ಬಿಚ್ಚುತ್ತ ತಿರುಗಿದ.

"ಹೊಡಿ," ಎಂದಳು. ಇಷ್ಟು ವರ್ಷದಲ್ಲಿ ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಇದೇ ಮೊದಲು. "ಆದ್ರೆ ಮೊದ್ಲು ಗಾಡಿಯವ್ರಿಗೆ ಫೋನ್ ಮಾಡು. ಈ ಮನೆ ವಿಳಾಸ ಹೇಳು."

ಅವಳು ಹೋಗಿ ಸೋಫಾದ ಮೇಲೆ, ನಾಯಿಯ ಪಕ್ಕ ಕೂತಳು. ಅದರ ಜಿಗಿಯುವ ಕಾಲನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಅದು ನಿಲ್ಲಲಿಲ್ಲ.