ಬಲಗಡೆಯ ಚಕ್ರ

ಕೊಯ್ಲು ಮುಗಿದು ಹೊಲಗಳು ಬೋಳಾಗಿ, ಬೇಸಿಗೆಯ ಬೆಳೆಗೆ ನೀರು ಹಾಯಿಸುವ ತರಾತುರಿ ಶುರುವಾಗಿದ್ದ ದಿನಗಳು. ಊರಿನ ಅರ್ಧಕ್ಕರ್ಧ ಪಂಪುಗಳು ಮುನಿಸಿಕೊಂಡು ಕೂರುವುದು ಇದೇ ಹೊತ್ತಿಗೆ. ಅಂಥ ನಾಲ್ಕು ಪಂಪುಗಳು ಶೆಡ್ಡಿನ ಬೆಂಚಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿದ್ದವು. ಬಿಚ್ಚಿದ ಪಂಪಿನವನು ಒಳಕೋಣೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಜನ ಬರತೊಡಗಿದ್ದರು, ಅವರಿಗೆ ಕೂರಲು ನೆರಳು ಬೇಕಿತ್ತು. ನೆರಳೆಂದರೆ ಶೆಡ್ಡು ಒಂದೇ, ಶೆಡ್ಡಿನ ನಡುವೆ ಕಾರು.

ನಾಲ್ಕು ಜನ ಹಿಂದಿನಿಂದ ನೂಕಿದರು. ಕಾರು ಮಿಸುಕಲಿಲ್ಲ.

“ಹ್ಯಾಂಡ್‌ಬ್ರೇಕ್ ಹಾಕಿದೆ ಕಣ್ರೋ,” ಎಂದು ಸತ್ತವನ ಭಾವಮೈದುನ ಒಳಗೆ ಬಗ್ಗಿ, ಹಿಡಿಯ ತುದಿಯ ಗುಂಡಿ ಒತ್ತಿ ಕೆಳಕ್ಕೆ ಅದುಮಿದ. ಮತ್ತೆ ಒತ್ತಿದ. ಹಣೆಯಲ್ಲಿ ಬೆವರೊಡೆಯಿತು.

“ಒತ್ತಬೇಡಿ,” ಎಂದ ಸತ್ತವನ ಗೆಳೆಯ, ಲೇತ್ ಯಂತ್ರದ ಅಂಗಡಿಯ ಲೇತಿನವನು, ಬಾಗಿಲಲ್ಲಿ ನಿಂತೇ. “ಬೇರೆ ಗಾಡೀಲಿ ಒತ್ತಿದ್ರೆ ಬಿಡತ್ತೆ. ಇದರಲ್ಲಿ ಒತ್ತಿದ್ರೆ ಹಿಡ್ಕೊಳ್ಳತ್ತೆ.” ಅವನು ಒಳಗೆ ಬಂದು ಹಿಡಿಯನ್ನು ಬೆರಳಷ್ಟು ಮೇಲಕ್ಕೆಳೆದು ಕೈಬಿಟ್ಟ. ಅದು ತಾನಾಗಿಯೇ ಕೆಳಗೆ ಬಿತ್ತು.

“ಮಾಡಿದವನಿಗೂ ಕೊಂಡವನಿಗೂ ತಲೆ ಒಂದೇ ಕಡೆ ತಿರುಗಿತ್ತು ಅನ್ನಿ,” ಎಂದ ಹಾಲಿನವನು. ಯಾರೋ ನಗಲು ಹೋಗಿ ಕೆಮ್ಮಿದರು.

ಹಸಿರು ಬಣ್ಣದ, ಇಂಗ್ಲೆಂಡಿನಿಂದ ಬಂದ, ಎರಡೇ ಸೀಟಿನ ತೆರೆದ ಕಾರು ಅಂಗಳದ ಬಿಸಿಲಿಗೆ ಬಂತು. ಅದು ನಿಂತಿದ್ದ ಜಾಗದಲ್ಲಿ ತಗಡಿನ ತಟ್ಟೆ ಉಳಿಯಿತು, ಅದರ ತುಂಬ ಕಪ್ಪು ಎಣ್ಣೆ. ಹಾಲಿನವನು ಅದನ್ನು ಕಾಲಿನಿಂದ ಸರಿಸಲು ಹೋದಾಗ ಲೇತಿನವನು ಬಗ್ಗಿ ಎತ್ತಿಕೊಂಡ. ಬಗ್ಗುವಾಗ ಪ್ಯಾಂಟಿನ ಜೇಬಿನಲ್ಲಿದ್ದ ಕಬ್ಬಿಣದ ನಟ್ಟು ತೊಡೆಗೆ ಒತ್ತಿತು. ಬೆಳಿಗ್ಗೆ ಸುದ್ದಿ ಕೇಳಿದೊಡನೆ ಪೆಟ್ಟಿಗೆಯ ತಳದಿಂದ ತೆಗೆದು ಜೇಬಿಗೆ ಹಾಕಿಕೊಂಡಿದ್ದ. ಇವತ್ತು ಅತ್ತಿಗೆಗೆ, ಗೆಳೆಯನ ಹೆಂಡತಿಗೆ, ಹೇಳಿಬಿಡಬೇಕು. ಇಪ್ಪತ್ತೆರಡು ವರ್ಷದಿಂದ ಹೇಳಬೇಕಾಗಿದ್ದ ಮಾತು.

“ಸಂಜೆ ಗುಜರಿಯವನು ಬರ್ತಾನೆ,” ಎಂದ ಭಾವಮೈದುನ ತಗ್ಗಿದ ದನಿಯಲ್ಲಿ. “ಅಕ್ಕನೇ ಹೇಳಿದ್ದು. ಇವತ್ತೇ ಹೋಗ್ಲಿ ಅಂದ್ಲು. ಅಲ್ಲ, ಆ ಕಾಲು ಎಳ್ಕೊಂಡು ದಿನಾ ಅದರ ಮುಂದೆ ಓಡಾಡಿದಾಳಲ್ಲ, ಅದೇ ಹೆಚ್ಚು.”

*

ಕಾರು ಸಿಕ್ಕಿದ್ದು ಎಷ್ಟೋ ವರ್ಷದ ಹಿಂದೆ, ಊರಾಚೆಯ ಮುದಿ ಡಾಕ್ಟರರ ಗೋದಾಮಿನಲ್ಲಿ. ಬಾವಿಯ ಪಂಪು ರಿಪೇರಿಗೆ ಹೋದ ಪಂಪಿನವನಿಗೆ, ಕೋಳಿ ಕಾವಿಗೆ ಕೂತಿದ್ದ ಸೀಟು ಕಣ್ಣಿಗೆ ಬಿತ್ತು. ಕೂಲಿ ಬೇಡ, ಇದನ್ನೇ ಕೊಡಿ ಎಂದ. ಡಾಕ್ಟರರು ಕೋಳಿಯನ್ನು ಮಾತ್ರ ಇಟ್ಟುಕೊಂಡರು.

ಪಂಪಿನವನು ಅದಕ್ಕೆ ದೊರೆಸಾನಿ ಎಂದು ಹೆಸರಿಟ್ಟ. ಹೆಂಡತಿ ಸವತಿ ಎಂದಳು. ಚಳಿಗೆ ಎದ್ದೇಳುತ್ತಿರಲಿಲ್ಲ, ಮಳೆಗೆ ದೀಪ ಆರಿಸಿಕೊಳ್ಳುತ್ತಿತ್ತು. ಮೇಲಿನ ಬಟ್ಟೆಯ ಚಾವಣಿ ಏರಿಸುವಷ್ಟರಲ್ಲಿ ಮಳೆಯೇ ನಿಂತಿರುತ್ತಿತ್ತು. “ಕೆಳಗೆ ಎಣ್ಣೆ ತೊಟ್ಟಿಕ್ತಾ ಇದ್ರೆ ಒಳಗೆ ಎಣ್ಣೆ ಇದೆ ಅಂತ ಲೆಕ್ಕ. ತೊಟ್ಟಿಕ್ಕೋದು ನಿಂತ್ರೆ ಹೆದರಬೇಕು,” ಎನ್ನುತ್ತಿದ್ದ. ಅದರ ಒಂದು ಸ್ಕ್ರೂ ಕೂಡ ಊರಿನ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಎಲ್ಲವನ್ನೂ ಲೇತಿನವನೇ ಕಡೆದು ಕೊಡಬೇಕು.

ಭಾನುವಾರ ಬೆಳಿಗ್ಗೆ ಇಬ್ಬರೂ ಬಾನೆಟ್ಟು ಎತ್ತಿ ನಿಲ್ಲುತ್ತಿದ್ದರು. ಎಂಜಿನ್ನಿಗೆ ಗಾಳಿ, ಪೆಟ್ರೋಲು ಬೆರೆಸಿ ಕೊಡುವ ಎರಡು ಕಾರ್ಬ್ಯುರೇಟರು. ಪಂಪಿನವನು ರಬ್ಬರ್ ಕೊಳವೆಯ ಒಂದು ತುದಿ ಕಿವಿಗಿಟ್ಟು, ಇನ್ನೊಂದನ್ನು ಒಮ್ಮೆ ಇದರ ಬಾಯಿಗೆ, ಒಮ್ಮೆ ಅದರ ಬಾಯಿಗೆ ಹಿಡಿಯುತ್ತಿದ್ದ. “ಎರಡೂ ಒಂದೇ ಥರ ಉಸಿರಾಡಬೇಕು. ಕೇಳಿಲ್ಲಿ.” ಲೇತಿನವನಿಗೆ ಎರಡೂ ಒಂದೇ ಥರ ಕೇಳುತ್ತಿತ್ತು. ಹೌದೌದು ಎನ್ನುತ್ತಿದ್ದ.

ಆಮೇಲೆ ಗಂಡ ಹೆಂಡತಿ ಕಾಲುವೆ ಏರಿಯ ಮೇಲೆ ಹೊರಡುತ್ತಿದ್ದರು. ನೆಲಕ್ಕೆ ಗೇಣು ಮೇಲೆ ಕೂತ ಹಾಗೆ. ಅವಳ ಸೆರಗು ಹಿಂದೆ ಹಾರುತ್ತಿತ್ತು. ಅವಳು ಬಾಯ್ತುಂಬ ನಗುತ್ತಿದ್ದುದರಿಂದ ಬಾಯಿಗೆ ಹುಳ ಬಿದ್ದು, ಉಗಿದು, ಮತ್ತೆ ನಗುವುದು ಏರಿಯ ಕೊನೆಯವರೆಗೂ ಕೇಳಿಸುತ್ತಿತ್ತು.

*

ಮಣ್ಣು ಮಾಡಿ ಬಂದಾಗ ಬಿಸಿಲು ಇಳಿದಿತ್ತು. ಹಾಲಿನವನು ಕೈಕಾಲು ತೊಳೆಯುತ್ತ ಹೇಳಿದ: “ಒಳ್ಳೇ ಮನುಷ್ಯ. ಕೆಲಸದಲ್ಲಿ ಒಂದು ದಿನ ಎಡವಿದವನಲ್ಲ. ಆದ್ರೆ ನೋಡಿ, ಹೆಂಡ್ತೀನ ಕೂರಿಸ್ಕೊಂಡು ಹೊರಟ ದಿನವೇ ಚಕ್ರದ ನಟ್ಟು ಬಿಗಿ ಮಾಡೋದು ಮರೆತ.”

“ಗಾಡಿ ಹುಚ್ಚು,” ಎಂದ ಭಾವಮೈದುನ. “ಒರೆಸೋದ್ರಲ್ಲಿ ಇದ್ದ ಗಮನ ಬಿಗಿ ಮಾಡೋದ್ರಲ್ಲಿ ಇರ್ಲಿಲ್ಲ.”

ಲೇತಿನವನು ಚೆಂಬು ಕೆಳಗಿಟ್ಟ. ನೀರು ಕುಡಿದಿರಲಿಲ್ಲ.

*

ಆ ಕಾರಿನ ಚಕ್ರಗಳಿಗೆ ನಡುವೆ ಒಂದೊಂದೇ ದೊಡ್ಡ ನಟ್ಟು, ಸುತ್ತಿಗೆಯಿಂದ ಬಡಿದು ಬಿಗಿ ಮಾಡುವಂಥದು. ಎಡಗಡೆಯವಕ್ಕೆ ಒಳಗಿನ ತಿರುಪುಗೆರೆ, ಅಂದರೆ ಥ್ರೆಡ್ಡು, ಮಾಮೂಲಿ; ಬಲಗಡೆಯವಕ್ಕೆ ತಿರುವುಮುರುವು. ಹಾಗಿದ್ದರೆ ಮಾತ್ರ ಓಡಿದಷ್ಟೂ ನಟ್ಟು ಬಿಗಿಯುತ್ತದೆ, ಇಲ್ಲದಿದ್ದರೆ ಬಿಚ್ಚಿಕೊಳ್ಳುತ್ತದೆ. ಬಲಗಡೆಯ ಹಿಂದಿನ ನಟ್ಟೂ ಅದು ಕೂರುವ ಅಚ್ಚೂ ಸವೆದು, ಎರಡನ್ನೂ ಹೊಸದಾಗಿ ಕಡೆಯಲು ಕೊಟ್ಟಾಗ ಪಂಪಿನವನು ಎರಡು ಸಲ ಹೇಳಿದ್ದ: “ಇದು ಬಲಗಡೇದು. ಉಲ್ಟಾ ಥ್ರೆಡ್ಡು. ನೆನಪಿರ್ಲಿ.”

ಆಗ ಲೇತಿನವನು ಅಂಗಡಿ ತೆರೆದು ಎಂಟು ತಿಂಗಳು. ಕೈತುಂಬ ಕೆಲಸ. ರೂಢಿಯ ಕೈ ರೂಢಿಯ ಕಡೆಗೇ ಓಡಿತು. ಅರ್ಧ ಥ್ರೆಡ್ಡು ಬಿದ್ದ ಮೇಲೆ ಮಾತು ನೆನಪಾಯಿತು. ಮತ್ತೆ ಮೊದಲಿಂದ ಯಾರು ಮಾಡುತ್ತಾರೆ, ನಟ್ಟೂ ಅಚ್ಚೂ ಒಂದಕ್ಕೊಂದು ಕೂತರಾಯಿತಲ್ಲ ಎಂದುಕೊಂಡ. ಪಂಪಿನವನು ಯಾರದೋ ಬಾವಿಗಿಳಿದಿದ್ದ. ಲೇತಿನವನೇ ಚಕ್ರ ಏರಿಸಿ, ತಾನೇ ಬಡಿದು ಬಿಗಿ ಮಾಡಿ ಬಂದ. ಮರುದಿನ ಗಂಡ ಹೆಂಡತಿ ಅವಳ ತವರಿಗೆ ಹೊರಟರು. ಏರಿಯ ತಿರುವಿನಲ್ಲಿ ಚಕ್ರ ಕಾರಿಗಿಂತ ಮುಂದೆ ಓಡಿತು; ಕಾರು ಹೊಂಡಕ್ಕುರುಳಿ ಅವಳ ಮಂಡಿ ನಜ್ಜಾಯಿತು.

ಅವಳನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ಪಂಪಿನವನು ಹೊಂಡದಲ್ಲಿ ತಡಕಾಡಿ ನಟ್ಟು ಹುಡುಕಿದ. ಒಳಗಿನ ಥ್ರೆಡ್ಡಿನ ಮೇಲೆ ಹೆಬ್ಬೆರಳು ಆಡಿಸಿದ; ಅದು ಮಾಮೂಲಿ ಕಡೆಗೇ ತಿರುಗಿತ್ತು. ಸುದ್ದಿ ಕೇಳಿ ಓಡಿಬಂದಿದ್ದ ಲೇತಿನವನ ಮುಖ ನೋಡಿದ. ಅಷ್ಟರಲ್ಲಿ ಭಾವಮೈದುನ ಬಂದು ಪಂಪಿನವನ ಕೊರಳಪಟ್ಟಿ ಹಿಡಿದು, “ಬಿಗಿ ಮಾಡಿರ್ಲಿಲ್ವಾ?” ಎಂದ.

“ಮರೆತೆ,” ಎಂದ ಪಂಪಿನವನು.

ಆಮೇಲೆ ಆ ನಟ್ಟನ್ನು ಲೇತಿನವನ ಕೈಯಲ್ಲಿಟ್ಟ. “ಇದು ಗೊತ್ತಾಗಿ ನಿನ್ನ ಅಂಗಡಿ ಮುಚ್ಚಿದ್ರೆ ದೊರೆಸಾನಿಗೆ ಸಾಮಾನು ಯಾರು ಮಾಡಿಕೊಡ್ತಾರೆ? ಇಟ್ಕೋ. ಅವಳ ಸಿಟ್ಟು ಇಳಿದ ಮೇಲೆ ನೀನೇ ಹೇಳು.”

ಸಿಟ್ಟು ಇಳಿಯಲಿಲ್ಲ. ಅವಳ ಮಂಡಿ ಮತ್ತೆ ಮಡಚಲಿಲ್ಲ. ಪಕ್ಕದ ಸೀಟಿನಲ್ಲಿ ಅವಳು ಕೂರಲಿಲ್ಲ. ಲೇತಿನವನು ಹೊಸ ವರ್ಷ ಬರಲಿ ಎಂದುಕೊಂಡ, ತನ್ನ ಮಗಳ ಮದುವೆ ಆಗಲಿ ಎಂದುಕೊಂಡ. ಭಾನುವಾರಗಳು ಬಂದವು, ಹೋದವು. ಪಂಪಿನವನು ಒಂದು ಸಲವೂ ಕೇಳಲಿಲ್ಲ.

*

ಅತ್ತಿಗೆ ಜಗಲಿಯ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು. ಲೇತಿನವನು ಹತ್ತಿರ ಹೋಗಿ ನಿಂತ. ಜೇಬಿನೊಳಗೆ ಕೈಯಿತ್ತು.

“ಅತ್ತಿಗೆ, ನಿಮ್ಮ ಹತ್ರ ಒಂದು ಮಾತು. ಆ ಚಕ್ರದ್ದು...”

“ಅವರೂ ಅದನ್ನೇ ಹಿಡ್ಕೊಂಡಿದ್ರು ನೋಡು,” ಎಂದಳು ಅವಳು, ಕಾರಿನ ಮೇಲಿನ ಕಣ್ಣು ತೆಗೆಯದೆ. “ಮೊನ್ನೆ ಆಸ್ಪತ್ರೇಲಿ ಕೈ ಹಿಡಿದು, ನಾನು ಮರೆತಿರ್ಲಿಲ್ಲ ಕಣೇ ಅಂದ್ರು. ಮತ್ತೆ ಹೇಗೆ ಬಿಚ್ಕೊಳ್ತು ಅಂದ್ರೆ ಮುಖ ಆಚೆ ತಿರುಗಿಸಿದ್ರು. ನನಗೆ ರೇಗಿತು ತಮ್ಮಾ. ಹೋಗೋ ಹೊತ್ತಲ್ಲಾದ್ರೂ ಸುಳ್ಳು ಬಿಡಿ, ಒಪ್ಕೊಳ್ಳಿ ಅಂದೆ.”

“ಏನಂದ್ರು?”

“ನನ್ನ ಕೈ ಒತ್ತಿದ್ರು. ಆಮೇಲೆ ಮರೆತೆ ಅಂದ್ರು. ಅದೇ ಕಡೇ ಮಾತು.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಒಪ್ಕೊಂಡ್ರಲ್ಲ, ಈಗ ನನಗೆ ಸಿಟ್ಟಿಲ್ಲ. ನೀನೇನು ಹೇಳೋಕೆ ಬಂದೆ?”

ಜೇಬಿನೊಳಗೆ ಅವನ ಹೆಬ್ಬೆರಳು ಥ್ರೆಡ್ಡಿನ ಮೇಲೆ ಒಂದು ಸುತ್ತು ಬಂತು. ಗೇಟಿನಾಚೆ ಗುಜರಿಯವನ ಲಾರಿ ಹಾರನ್ ಹಾಕಿತು.

“ಏನಿಲ್ಲ ಅತ್ತಿಗೆ. ಗಾಡಿ ಬಂತು ಅಂತ.”

ನೂಕುವವರು ಹಿಂದೆ ಸೇರಿದರು. ಸ್ಟೇರಿಂಗ್ ಹಿಡಿಯಲು ಲೇತಿನವನು ಕೂತ. ಹ್ಯಾಂಡ್‌ಬ್ರೇಕಿಗೆ ಕೈ ಹಾಕುವಷ್ಟರಲ್ಲಿ ಅವಳು ಕಾಲೆಳೆದುಕೊಂಡು ಬಂದು, ಬಾಗಿಲು ತೆರೆದು, ಮಡಚದ ಕಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡು ಪಕ್ಕದ ಸೀಟಿನಲ್ಲಿ ಕೂತಳು.

“ಅಕ್ಕಾ, ಏನಿದು?” ಎಂದ ಭಾವಮೈದುನ.

“ಗೇಟಿನ ತನಕ ಅಷ್ಟೇ. ಎಷ್ಟು ವರ್ಷ ಕರೆದ್ರು.” ಅವಳು ಸೆರಗನ್ನು ಬಿಗಿಯಾಗಿ ಸುತ್ತಿಕೊಂಡಳು. ಆಮೇಲೆ ಲೇತಿನವನ ಕಡೆ ತಿರುಗಿ, “ನಟ್ಟು ಬಿಗಿ ಇದೆ ತಾನೆ?” ಎಂದಳು.

“ಇದೆ ಅತ್ತಿಗೆ.”

ಅವನು ಹಿಡಿಯನ್ನು ಬೆರಳಷ್ಟು ಮೇಲಕ್ಕೆಳೆದು ಕೈಬಿಟ್ಟ. ಕಾರು ಉರುಳಿತು. ಅಂಗಳದ ಧೂಳಿನಲ್ಲಿ, ಗೇಟಿನವರೆಗೂ, ಮಾರಿಗೊಂದರಂತೆ ಎಣ್ಣೆಯ ಹನಿ ಬೀಳುತ್ತ ಹೋಯಿತು.