ಬಾಗಿಲ ಕಡೆ ಮುಖ

ಎಲ್ಲಿಂದ ಶುರು ಮಾಡಲಿ? ಹುಣ್ಣಿನಿಂದ ಶುರು ಮಾಡಿದರೆ ನೀವು ಪುಟ ತಿರುವುತ್ತೀರಿ. ಅಂಕಿಯಿಂದ ಶುರು ಮಾಡಿದರೆ ಆಕಳಿಸುತ್ತೀರಿ. ಹಾಳಾಗಿ ಹೋಗಲಿ, ಮನುಷ್ಯನಿಂದಲೇ ಶುರು ಮಾಡುತ್ತೇನೆ.

೧

ಕುಬೇರಪ್ಪ, ತಂಬೂರು ಎಂಬ ಹಳ್ಳಿಯ ಹಿರಿಯ. ಲಕ್ವಾ ಹೊಡೆದು ಮಾತು ನಿಂತಿದೆ, ಮೈ ತಾನಾಗಿ ಹೊರಳುವುದಿಲ್ಲ. ಕಲಘಟಗಿಯ ಒಂದು ಆಸ್ಪತ್ರೆಯಲ್ಲಿ ಮಲಗಿದ್ದಾನೆ. (ಆಸ್ಪತ್ರೆಯನ್ನು ಹುಡುಕಿಕೊಂಡು ಹೋಗಬೇಡಿ, ಈಗಷ್ಟೇ ನಾನು ಕಟ್ಟಿದ್ದು. ಬಣ್ಣ ಇನ್ನೂ ಹಸಿ ಇದೆ.) ಒಂದೇ ಮಗ್ಗುಲಲ್ಲಿ ಬಿದ್ದವರ ಚರ್ಮ ಒತ್ತಿ ಒತ್ತಿ ಹಾಸಿಗೆ ಹುಣ್ಣಾಗುತ್ತದೆ. ಅದಾಗಬಾರದೆಂದು ನರ್ಸ್ ತಬಸುಮ್ ಅವನನ್ನು ಆಗಾಗ ಎಡಕ್ಕೆ, ಬಲಕ್ಕೆ ಹೊರಳಿಸುತ್ತಾಳೆ. ಯಾರಿಗೆ, ಎಲ್ಲಿ ಹುಣ್ಣಾಯಿತೆಂದು ಕಂಪ್ಯೂಟರಿಗೆ ಹಾಕುವವಳೂ ಅವಳೇ. ಅದಕ್ಕೆ ಕ್ವಾಲಿಟಿ ಡೇಟಾ ಅನ್ನುತ್ತಾರೆ. (ಏಳಬೇಡಿ, ಆ ಶಬ್ದ ಇನ್ನು ಬಳಸುವುದಿಲ್ಲ.)

೨

ತಬಸುಮ್ ಅತ್ತ ಹೋದದ್ದೇ ತಡ, ಹೆಂಡತಿ ದುರಗವ್ವ ಗಂಡನನ್ನು ಮತ್ತೆ ಬಲಕ್ಕೆ, ಬಾಗಿಲ ಕಡೆಗೆ ತಿರುಗಿಸುತ್ತಾಳೆ. ಮಾತಾಡಿಸಲು ದಿನವೂ ಊರಿನವರು ಟಂಟಂ ಆಟೋ ಮಾಡಿಕೊಂಡು ಬರುತ್ತಾರೆ. ಎಡಗಡೆ ಮಂಚ ಗೋಡೆಗೆ ಅಂಟಿದೆ, ನಿಲ್ಲಲು ಜಾಗವಿಲ್ಲ. ಬಂದವರೆಲ್ಲ ಬಾಗಿಲ ಕಡೆಯೇ ನಿಲ್ಲಬೇಕು. ಪಾಪ, ಪ್ರೀತಿಯಿಂದಲೇ ತಿರುಗಿಸಿದಳು.

ಬಲ ಸೊಂಟದ ಮೇಲೆ ಮೊದಲು ಕೆಂಪಾಯಿತು. ಆಮೇಲೆ ಗುಳ್ಳೆ. ಆಮೇಲೆ ತೂತು. ತಾನಿಲ್ಲದಾಗ ಮಗ್ಗುಲು ಬದಲಿಸಿಲ್ಲವೆಂದು ತಬಸುಮ್ ವಾರ್ಡಿನ ಆಯಾಗಳನ್ನು ಬೈದಳು.

೨ (ಹರಿದ ಡ್ರಾಫ್ಟ್)

ಹುಣ್ಣಾಗುವ ಮೊದಲೇ ತಬಸುಮ್‌ಗೆ ಎಲ್ಲ ಹೊಳೆಯುತ್ತದೆ. ಕುಬೇರಪ್ಪ ನಗುತ್ತ ಮನೆಗೆ ಹೋಗುತ್ತಾನೆ. ಥೂ.

೩

ಕುಬೇರಪ್ಪನ ಹುಣ್ಣನ್ನು ಕಂಪ್ಯೂಟರಿಗೆ ಹಾಕಿದಾಗ ತಬಸುಮ್ ಹಿಂದಿನವನ್ನೂ ತೆಗೆದು ನೋಡಿದಳು. ಗೋಡೆಗೆ ಅಂಟಿದ ಆ ಸಾಲಿನ ಮಂಚಗಳಲ್ಲಿ ಮಲಗಿದವರಿಗೆ ಹುಣ್ಣಾದದ್ದೆಲ್ಲ ಬಲಕ್ಕೇ. ಅಲ್ಲಿಯವರೆಗೆ ಒಂದೆರಡು ಇದ್ದವು, ಕಾಕತಾಳೀಯ ಅನ್ನಬಹುದಿತ್ತು. ಇನ್ನು ಅನ್ನುವಂತಿರಲಿಲ್ಲ. ಮಂದಿ ಬರುವ ಹೊತ್ತಿಗೆ ವಾರ್ಡಿನಲ್ಲೇ ನಿಂತು ನೋಡಿದಳು. ದುರಗವ್ವನ ಕೈ ಕಂಡಿತು. ಯಾಕೆಂದು ಕೇಳಿದಳು.

“ಅಷ್ಟ ದೂರದಿಂದ ಬಂದವ್ರಿಗೆ ಬೆನ್ನು ಮಾಡಿ ಮಲಗಸೂದೇನ್ರಿ ಸಿಸ್ಟರ್? ಮಾರಿ ನೋಡಲಿಲ್ಲಂದ್ರ ಅವ್ರು ಬಂದಂಗ ಆಗೂದಿಲ್ರಿ.”

ತಬಸುಮ್ ಬೈಯಲಿಲ್ಲ. ಮಂಚಗಳನ್ನು ಗೋಡೆಯಿಂದ ಎಳೆಸಿ ಆ ಕಡೆಗೂ ಒಂದು ಬೆಂಚ್ ಹಾಕಿಸಿದಳು. ರೋಗಿ ಯಾವ ಮಗ್ಗುಲಾದರೂ ಮಂದಿ ಮುಖದ ಎದುರೇ ಕೂರುವಂತಾಯಿತು. ಅಂದಿನಿಂದ ಆ ವಾರ್ಡಿನಲ್ಲಿ ಯಾರಿಗೂ ಹೊಸ ಹುಣ್ಣಾಗಿಲ್ಲ. ಕುಬೇರಪ್ಪನದು ಮಾತ್ರ ಅಷ್ಟರಲ್ಲಿ ಎಲುಬಿಗೆ ಇಳಿದಿತ್ತು. ಕೀವಾಯಿತು, ಜ್ವರ ಏರಿತು, ಹೋದ.

೪

ಅವನನ್ನು ಉಳಿಸಿಬಿಡುತ್ತೇನೆ, ಒಂದು ಸಾಲಿನ ಕೆಲಸ ಎಂದು ತಬಸುಮ್‌ಗೆ ಹೇಳಿದೆ. ಅವಳು ನನ್ನ ಮುಖವನ್ನೂ ನೋಡಲಿಲ್ಲ.

“ಉಳಸ್ರಿ. ಆದ್ರ ಇವ್ರಿಗೆ ಹುಣ್ಣ ಆಗಿರಲಿಲ್ಲಂದ್ರ ನನಗ ತಿಳೀತಿದ್ದಿಲ್ಲ, ಆ ಬೆಂಚೂ ಬರ್ತಿದ್ದಿಲ್ಲ. ಈಗ ಅದ ಮಂಚದ ಮ್ಯಾಲೆ ಮಿಶ್ರಿಕೋಟಿ ಶರೀಫಸಾಬ ಮಲಗ್ಯಾರ. ಅವ್ರನ್ನೇನ ಮಾಡ್ತೀರಿ?”

ಬರೆಯಲೆಂದು ಎತ್ತಿದ ಪೆನ್ನು ಕೆಳಗಿಟ್ಟೆ. ಇಂಥ ಲೆಕ್ಕವನ್ನು ಯಾವ ದೇವರು ಕಂಡುಹಿಡಿದನೋ, ಅವನ ಮೇಲೆ ಸಿಟ್ಟು ಬಂತು.

೫

ಮುಕ್ತಾಯಗಳು, ಬೇಕಾದದ್ದು ಆರಿಸಿಕೊಳ್ಳಿ.

(ಅ) ಮೀಟಿಂಗಿನಲ್ಲಿ ಕೆಳಗಿಳಿದ ಗ್ರಾಫ್ ನೋಡಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ತಬಸುಮ್ ಹೊರಗೆ ಹೋಗಿ ಅಳುತ್ತಾಳೆ.

(ಆ) ತನ್ನ ಕೈಯಿಂದಲೇ ಆಯಿತೆಂದು ದುರಗವ್ವನಿಗೆ ಕೊನೆಗೂ ತಿಳಿಯುವುದಿಲ್ಲ.

ಎರಡನೆಯದು ಚೆನ್ನಾಗಿದೆ ಎಂದು ಅದನ್ನೇ ಇಟ್ಟಿದ್ದೆ. ಆದರೆ ಬೆಂಚ್ ಬಂದ ದಿನವೇ ಆಕೆಗೆ ತಿಳಿದುಹೋಗಿತ್ತಂತೆ. ನೇರ ನನ್ನ ಹತ್ತಿರ ಬಂದು ಕೂತಿದ್ದಾಳೆ.

“ನಾ ತಿರುಗಿಸಿದಾಗೆಲ್ಲಾ ನಮ್ಮ ಮನಿಯವ್ರು ನನ್ನ ಮಾರೀನ ನೋಡತಿದ್ರು. ಮಂದಿ ಬರ್ತಾರಂತ ಖುಷಿ ಆಗ್ಯದ ಅಂತ ತಿಳಕೊಂಡಿದ್ನಿ. ಬ್ಯಾಡ ಅಂತಿದ್ರೇನ್ರಿ? ಬರದವ್ರು ನೀವ ಅಲ್ರಿ, ನಿಮಗ ಗೊತ್ತಿರಬೇಕು.”

ಹೌದು ಎಂದು ಬರೆದರೆ ಆಕೆ ಬದುಕುವುದಿಲ್ಲ. ಇಲ್ಲ ಎಂದು ಬರೆದರೆ ನೀವೂ ನಂಬುವುದಿಲ್ಲ, ಆಕೆಯೂ ನಂಬುವುದಿಲ್ಲ. ಇಲ್ಲಿಗೆ ಮುಗಿಯಿತು ಎಂದು ಎರಡು ಸಲ ಹೇಳಿ ನೋಡಿದೆ. ಆಕೆ ಏಳುತ್ತಿಲ್ಲ.

“ಹೇಳ್ರಿ” ಅನ್ನುತ್ತಿದ್ದಾಳೆ.