ಹನ್ನೆರಡು ಅಂಕಿಯ ಒಡಪು

ಬದುವಿನ ಮೇಲಿಟ್ಟ ಬುತ್ತಿಗಂಟಿನೊಳಗೆ ಜೊತೆಗಾತಿ ಮುನ್ನೀ ಬೀಯ ಫೋನು ಬಡಿದುಕೊಳ್ಳತೊಡಗಿದಾಗ ಗೋಪಮ್ಮ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಸಸಿ ಊರುತ್ತಿದ್ದಳು. ಫೋನು ಯಾರದ್ದೇ ಇರಲಿ, ಕರೆ ತನಗೇ ಬಂದದ್ದು ಎಂದು ಅವಳಿಗೆ ಅನಿಸಿತು. ದೇವದುರ್ಗದ ಕಡೆಯಿಂದ ಪೋತ್ನಾಳಕ್ಕೆ ನಾಟಿಗೆಂದು ಬಂದು ಹತ್ತು ದಿನವಾಗಿತ್ತು. ಮನೆಗಿದ್ದ ಒಂದೇ ಒಂದು ಗುಂಡಿ ಫೋನನ್ನು ಮಗಳು ಸುಜಾತಾಳ ಕೈಗೆ ಕೊಟ್ಟು ರಾಯಚೂರಿಗೆ ಕಳಿಸಿದ್ದಳು.

"ಯವ್ವಾ, ನರ್ಸಿಂಗ್ ಸೀಟು ಸಿಕ್ಕ್ಯದ," ಎಂದಳು ಸುಜಾತಾ. ಉಸಿರು ಬಿಡದೆ ಮಾತಾಡುತ್ತಿದ್ದಳು. "ಹಾಸ್ಟೆಲ್ಲೂ ಅದ. ಇವತ್ತು ನಾಕು ಗಂಟಿ ಹೊಡಿಯೂದ್ರೊಳಗ ಸಹಿ ಮಾಡಬೇಕಂತ. ಇಲ್ಲಾಂದ್ರ ಮುಂದಿನಕಿಗಿ ಕೊಡ್ತಾರಂತ. ನಾ ಇಲ್ಲೇ ಆಫೀಸಿನ ಬಾಗಲದಾಗ ನಿಂತೀನಿ. ಏನ್ ಮಾಡ್ಲಿ ಹೇಳು."

ತಾಯಿ ಮಗಳ ನಡುವೆ ಒಪ್ಪಂದ ಮೊದಲೇ ಆಗಿತ್ತು. ಗಂಡ ತೀರಿಕೊಂಡು ವರ್ಷವಾಗಿತ್ತು, ವಿಧವಾ ವೇತನಕ್ಕೆ ಅರ್ಜಿ ಹಾಕಿ ನಾಲ್ಕು ತಿಂಗಳು. ಅದು ಮಂಜೂರಾದರೆ ಮನೆಯ ಉಪ್ಪು ಎಣ್ಣೆ, ಅತ್ತೆಯ ಗುಳಿಗೆ ಅದರಲ್ಲೇ ಕಳೆಯುತ್ತವೆ, ಸುಜಾತಾ ಓದಬಹುದು. ಆಗಲಿಲ್ಲವೆಂದರೆ ನಾಳೆಯಿಂದ ಅವಳೂ ತಾಯಿಯ ಪಕ್ಕದಲ್ಲಿ ಬಗ್ಗಿ ನಿಂತು ಸಸಿ ಊರಬೇಕು. ಹತ್ತೊಂಬತ್ತರ ಹುಡುಗಿ ಇದಕ್ಕೆ ಒಪ್ಪಿದ್ದಳು, ಅಳಲಿಲ್ಲ. ಅಳದೇ ಒಪ್ಪಿದ್ದನ್ನೇ ಗೋಪಮ್ಮನಿಗೆ ತಡೆದುಕೊಳ್ಳಲಾಗಿರಲಿಲ್ಲ.

"ಸಹಿ ಮಾಡಬ್ಯಾಡ, ಬಾಗಲಾನೂ ಬಿಡಬ್ಯಾಡ," ಎಂದಳು. "ನಾ ನೋಡಿ ಹೇಳ್ತೀನಿ."

ಎಲ್ಲಿ ನೋಡುವುದೆಂದು ಅವಳಿಗೆ ಗೊತ್ತಿತ್ತು. ನಿನ್ನೆಯಷ್ಟೇ ಅವರ ಗುಂಪಿನ ಒಬ್ಬಳು ಪೋತ್ನಾಳದ ಕಂಪ್ಯೂಟರ್ ಸೆಂಟರಿಗೆ ಹೋಗಿ, ಆಧಾರ್ ನಂಬರ್ ಹೇಳಿ, ತನ್ನ ಅರ್ಜಿ ಎಲ್ಲಿ ಕೂತಿದೆ ಎಂದು ತಿಳಿದುಕೊಂಡು ಬಂದು ಊರಿಗೆಲ್ಲ ಸಾರಿದ್ದಳು. ಗೋಪಮ್ಮ ಕೈಯಲ್ಲಿದ್ದ ಸಸಿಯ ಕಟ್ಟನ್ನು ಪಕ್ಕದವಳ ಮಡಿಲಿಗೆ ತುರುಕಿ ಬದು ಹತ್ತಿದಳು. ಹಿಂದಿನಿಂದ ಮುನ್ನೀ ಬೀಯೂ ಹತ್ತಿದಳು. ಹೋದದ್ದು ಗೋಪಮ್ಮನ ಅರ್ಧ ದಿನದ ಕೂಲಿ, ಮುನ್ನೀ ಬೀಯದ್ದು ಯಾಕೆ ಹೋಗಬೇಕು? ಆದರೆ ಇಪ್ಪತ್ತು ವರ್ಷ ಒಂದೇ ಸಾಲಿನಲ್ಲಿ ನಾಟಿ ಮಾಡಿದವಳನ್ನು ಹೀಗೆ ಕೇಳುವ ಧೈರ್ಯ ಯಾರಿಗಿದೆ?

ಪೋತ್ನಾಳದಲ್ಲಿ ಸೆಂಟರ್ ನಡೆಸುವವಳು ಸ್ವಪ್ನಾ, ಅಕ್ಕಿ ಅಂಗಡಿಯವರ ಸೊಸೆ. ಅವಳ ಮೇಜಿನ ಮುಂದೆ ಆರೇಳು ಜನ ಸಾಲಾಗಿ ಕೂತಿದ್ದರು. ಇಬ್ಬರು ಹೆಂಗಸರು ಮೊಣಕಾಲಿನವರೆಗೆ ಕೆಸರು ಹೊತ್ತುಕೊಂಡು ಒಳಗೆ ಬಂದದ್ದನ್ನು ನೋಡಿ, ಬಟ್ಟೆ ಉಳಿಸಿಕೊಳ್ಳಲೆಂದೋ ಏನೋ, ಸಾಲೇ ಅತ್ತಿತ್ತ ಸರಿಯಿತು.

"ಕುಂದ್ರಿ ಅಕ್ಕಾ. ಆಧಾರ್ ಕಾರ್ಡ್ ಕೊಡ್ರಿ," ಎಂದಳು ಸ್ವಪ್ನಾ.

"ಕಾರ್ಡು ಊರಾಗ ಟ್ರಂಕಿನ್ಯಾಗ ಅದವ್ವಾ. ಅರ್ಜಿ ಕೊಟ್ಟ ಚೀಟೀನೂ ಅಲ್ಲೇ ಅದ. ಕೆಸರಿನ ಕೆಲಸಕ್ಕ ಯಾರ್ ತರ್ತಾರ? ನಂಬರ್ ಬಾಯಾಗ ಅದ, ಬರ್ಕೊ."

ಮಗಳನ್ನು ಕೇಳಿ ಉಪಯೋಗವಿರಲಿಲ್ಲ. ಸುಜಾತಾ ಕಾರ್ಡು ನೋಡಿ ಓದುವವಳು, ಓದಲು ಬರುವವರಿಗೆ ನೆನಪಿಟ್ಟುಕೊಳ್ಳುವ ದರ್ದೇನು? ಬಾಯಿಪಾಠವಿದ್ದದ್ದು ಗೋಪಮ್ಮನಿಗೆ ಮಾತ್ರ. ಅವಳು ಕಣ್ಣು ಮುಚ್ಚಿಕೊಂಡು ರಾಗ ಎಳೆದಳು:

"ಕೈಯಾಗ ಬೆರಳು ಐದು, ಊರಿಗಿ ದಿಕ್ಕು ಎಂಟು, ಬೀಸೂ ಕಲ್ಲು ಎರಡು, ಅತ್ತಿ ಬಾಯಾಗ ಹಲ್ಲು ಸೊನ್ನಿ..."

ಕೂತವರು ಗೊಳ್ಳೆಂದು ನಕ್ಕರು. ಸ್ವಪ್ನಾಳ ಬೆರಳು ಕೀಲಿಮಣೆಯ ಮೇಲೆ ನಿಂತೇ ಹೋಯಿತು.

"ನಗಬ್ಯಾಡ್ರಿ," ಎಂದಳು ಮುನ್ನೀ ಬೀ. "ಇದು ಆಕಿ ಗಂಡ ಕಟ್ಟಿದ ಒಡಪು."

ಮದುವೆಯಲ್ಲಿ, ಸೀಮಂತದಲ್ಲಿ ಹೆಂಗಸರು ಗಂಡನ ಹೆಸರನ್ನು ಬರೀ ಬಾಯಲ್ಲಿ ಹೇಳದೆ ಒಡಪಿನಲ್ಲಿಟ್ಟು ಹೇಳುವುದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಗೋಪಮ್ಮನ ಗಂಡ ಹಂಪಯ್ಯ ಅದನ್ನು ತಿರುಗಿಸಿಬಿಟ್ಟಿದ್ದ. ವರ್ಷವಿಡೀ ಕೆಸರಿನಲ್ಲಿ ಸವೆದ ಗೋಪಮ್ಮನ ಹೆಬ್ಬೆಟ್ಟನ್ನು ರೇಷನ್ ಅಂಗಡಿಯ ಯಂತ್ರ ಗುರುತಿಸದೇ ಹೋದಾಗ, ನಂಬರ್ ಹೇಳು ಎಂದು ಅಂಗಡಿಯವನು ಕೇಳಿ, ಅವಳು ತಡಬಡಿಸಿ, ಅಳುತ್ತಾ ಮನೆಗೆ ಬಂದಿದ್ದಳು. "ನನ್ನ ಹೆಸರಿಗಿ ನೀ ಒಡಪು ಕಟ್ಟಿದಿ, ನಿನ್ನ ನಂಬರಿಗಿ ನಾ ಕಟ್ಟತೀನಿ," ಎಂದು ಹಂಪಯ್ಯ ಮಗಳ ಕೈಯಲ್ಲಿ ಕಾರ್ಡು ಓದಿಸಿ, ಒಂದು ಮಧ್ಯಾಹ್ನ ಕೂತು ಹನ್ನೆರಡೂ ಅಂಕಿಯನ್ನು ಹಾಡಿಗೆ ಕೂಡಿಸಿದ. ಹಲ್ಲಿನ ಸಾಲಿಗೆ ಅವನ ತಾಯಿ ಮೂರು ದಿನ ಮಾತು ಬಿಟ್ಟಿದ್ದಳು. ಆಮೇಲೆ ಅದು ನಾಟಿಯ ಹಾಡೇ ಆಗಿಹೋಯಿತು.

ಗೋಪಮ್ಮ ನಡುವಿನ ಸಾಲನ್ನೂ ಹೇಳಿ, ಕೊನೆಯದಕ್ಕೆ ಬಂದಳು. "ವಾರದ ದಿನ ಏಳು, ಒಲಿಗುಂಡು ಮೂರು, ಹಟ್ಟ್ಯಾಗ ಆಡು ಎರಡು, ಕೂಡಿ ಉಣ್ಣೋರು ಮೂರು. ಮುಗೀತು, ಒತ್ತವ್ವಾ."

ಸ್ವಪ್ನಾ ಒತ್ತಿದಳು. ಪರದೆಯ ಮೇಲೆ ಚಕ್ರವೊಂದು ತಿರುಗಿತು, ತಿರುಗಿತು, ನಿಂತಿತು.

"ಈ ನಂಬರಿಗಿ ಅರ್ಜಿನೇ ಇಲ್ಲಂತ ಬರಾಕತ್ತದ ಅಕ್ಕಾ."

"ಇಲ್ಲಾಂದ್ರ ಹ್ಯಾಂಗ? ನಾನಽ ದೇವದುರ್ಗಕ್ಕ ಹೋಗಿ ಕೊಟ್ಟು ಬಂದೀನಿ. ಇನ್ನೊಮ್ಮಿ ನೋಡು."

ಇನ್ನೊಮ್ಮೆ ಹಾಡಿದರು, ಇನ್ನೊಮ್ಮೆ ಒತ್ತಿದರು. ಇಲ್ಲವೇ ಇಲ್ಲ. ಗೋಡೆಯ ಗಡಿಯಾರ ಮೂರೂ ಕಾಲು ತೋರಿಸುತ್ತಿತ್ತು. ಊರಿಗೆ ಹೋಗಿ ಟ್ರಂಕು ತೆಗೆಯಬೇಕೆಂದರೆ ಕತ್ತಲಾಗುತ್ತದೆ. ಮುನ್ನೀ ಬೀಯ ಫೋನು ಮತ್ತೆ ಬಡಿದುಕೊಂಡಿತು. ಅವಳು ಎತ್ತಿ, "ತಡಿ ಬೇಟಾ, ನೋಡಾಕತ್ತಾರ," ಎಂದು ಇಟ್ಟಳು.

ಈ ಹೊತ್ತಿಗೆ ಸಾಲಿನಲ್ಲಿ ಕೂತವರು ತಮ್ಮ ತಮ್ಮ ಕೆಲಸವನ್ನೇ ಮರೆತಿದ್ದರು. ಎಲ್ಲರೂ ಎದ್ದು ಮೇಜಿನ ಸುತ್ತ ಮುಗಿಬಿದ್ದು ಒಡಪಿನ ತನಿಖೆಗೆ ಇಳಿದರು. ಬೆರಳು ಐದು, ಅದರಲ್ಲಿ ತಕರಾರಿಲ್ಲ. ದಿಕ್ಕು ನಾಲ್ಕೋ ಎಂಟೋ ಎಂದು ಪೇಟದ ಹಿರಿಯರೊಬ್ಬರು ಎತ್ತಿದರು. "ಎಂಟಽ ರೀ ಯಪ್ಪಾ, ಮೂಲಿ ಸುದ್ದಾ ಕೂಡಿಸಿ," ಎಂದಳು ಗೋಪಮ್ಮ. ಅತ್ತೆಗೆ ಈಚೆಗೆ ಹಲ್ಲಿನ ಸೆಟ್ ಹಾಕಿಸಿಲ್ಲ ತಾನೆ ಎಂದು ಮತ್ತೊಬ್ಬರು ಕೇಳಿದರು. ಹಾಕಿಸಿರಲಿಲ್ಲ.

"ಆಡು ಎರಡೇ ಏನ್ರಿ ಅಕ್ಕಾ? ಮರಿ ಗಿರಿ ಹಾಕ್ಯಾವೇನು?" ಸ್ವಪ್ನಾ ಕೇಳಿದಳು.

"ಎಲ್ಲಿ ಆಡವ್ವಾ, ಅವನ್ನ ಮಾರಿ ಎರಡು ವರ್ಷ ಆತು. ಮಾರಿದ್ರೇನು, ಹಾಡಿನ್ಯಾಗ ಎರಡಽ. ಅವ್ರು ಕಟ್ಟಿದ್ದನ್ನ ನಾ ಹ್ಯಾಂಗ ಬದಲಿ ಮಾಡ್ಲಿ?"

ಮುನ್ನೀ ಬೀ ತಲೆಯೆತ್ತಿ ಅವಳನ್ನೇ ನೋಡಿದಳು.

"ಗೋಪವ್ವಾ, ಮಾರಿದ ಆಡು ಇನ್ನೂ ಎರಡು ಅಂತಿ. ಮತ್ತ ಉಣ್ಣೋರು ಯಾಕ ಮೂರು ಅಂದಿ? ಹಂಪಯ್ಯಣ್ಣ ಎಷ್ಟು ಅಂತಿದ್ದ?"

ಗೋಪಮ್ಮ ಬೆರಳು ಮಡಚಿ ಎಣಿಸಿದಳು. ಅತ್ತೆ, ತಾನು, ಮಗಳು, ಮತ್ತೆ ಅವನು. ಹೋದ ವರ್ಷ ಅವನನ್ನು ಮಣ್ಣು ಮಾಡಿ ಬಂದ ಮೇಲೂ ಬಹಳ ದಿನ ಅವಳ ಕೈ ನಾಲ್ಕು ತಾಟು ಹಾಕಿ, ಒಂದನ್ನು ಹಿಂದಕ್ಕೆ ಇಡುತ್ತಿತ್ತು. ಆಮೇಲೆ ಕೈ ಮೂರಕ್ಕೆ ನಿಲ್ಲುವುದನ್ನು ಕಲಿಯಿತು. ಕೈ ಕಲಿತದ್ದನ್ನು ನಾಲಗೆಯೂ ಕಲಿತಿತ್ತು, ಅದು ಅವಳಿಗೇ ಗೊತ್ತಾಗಿರಲಿಲ್ಲ. ಎಷ್ಟು ತಿಂಗಳಿಂದಲೋ ಗದ್ದೆಯಲ್ಲಿ, ದಾರಿಯಲ್ಲಿ, ಒಲೆಯ ಮುಂದೆ ಅವಳು ಅವನನ್ನು ಬಿಟ್ಟೇ ಹಾಡುತ್ತಿದ್ದಳು.

"ಹೇಳ್ರಿ ಅಕ್ಕಾ," ಎಂದಳು ಸ್ವಪ್ನಾ. ಅವಳ ದನಿ ಮೆತ್ತಗಾಗಿತ್ತು.

"ಕೂಡಿ ಉಣ್ಣೋರು," ಎಂದಳು ಗೋಪಮ್ಮ. ಅವನು ಎಳೆಯುತ್ತಿದ್ದ ಹಾಗೇ ರಾಗ ಎಳೆದಳು. "ಕೂಡಿ ಉಣ್ಣೋರು ನಾಕು."

ಸ್ವಪ್ನಾ ಮೂರನ್ನು ಅಳಿಸಿ ನಾಲ್ಕನ್ನು ಒತ್ತಿದಳು. ಚಕ್ರ ತಿರುಗಿತು. ಈ ಸಲ ಪರದೆ ತುಂಬ ಅಕ್ಷರ ಬಂದವು. ಓದಲು ಬಾರದ ಗೋಪಮ್ಮ ಪರದೆಯನ್ನು ಬಿಟ್ಟು ಸ್ವಪ್ನಾಳ ಮುಖವನ್ನೇ ಓದುತ್ತಿದ್ದಳು. ಆ ಮುಖ ಅರಳಿತು.

"ಗೋಪಮ್ಮ, ಗಂಡ ಹಂಪಯ್ಯ, ದೇವದುರ್ಗ ತಾಲೂಕು. ಮಂಜೂರಾಗ್ಯದ ಅಕ್ಕಾ. ಎಂಟು ದಿನ ಆತು ಮಂಜೂರಾಗಿ."

ಗೋಪಮ್ಮನಿಗೆ ಅಳು ಬಂತು. ಅದು ಪೂರ್ತಿ ಬರುವ ಮೊದಲೇ ನಗು ಬಂತು. ಮಂಜೂರಾದ ಖುಷಿ ಹೆಚ್ಚೋ, ತನ್ನ ನಂಬರಿನಲ್ಲಿ ಅವನು ಇನ್ನೂ ಉಣ್ಣಲು ಕೂತೇ ಇದ್ದಾನೆ ಎಂಬ ಖುಷಿ ಹೆಚ್ಚೋ, ಅವಳಿಗೆ ಹೇಳಲು ಬರುತ್ತಿರಲಿಲ್ಲ. ಪೇಟದ ಹಿರಿಯರು ತಮ್ಮದೇ ಅರ್ಜಿ ಮಂಜೂರಾದವರಂತೆ ಪಕ್ಕದವರ ಬೆನ್ನು ತಟ್ಟಿದರು. ಮುನ್ನೀ ಬೀ ಆಗಲೇ ಫೋನು ಹಚ್ಚಿ ಅವಳ ಕಿವಿಗೆ ಹಿಡಿದಿದ್ದಳು. ಗಡಿಯಾರದಲ್ಲಿ ಮೂರು ಮುಕ್ಕಾಲು.

"ಸಹಿ ಮಾಡು," ಎಂದಳು ಗೋಪಮ್ಮ. "ಸುಜಾತಾ, ಕೇಳಿಸ್ತೇನು? ಸಹಿ ಮಾಡು. ದೊಡ್ಡ ಅಕ್ಷರದಾಗ ಮಾಡು."

ಒಪ್ಪಂದದ ದಿನ ಅಳದೇ ಇದ್ದ ಹುಡುಗಿ ಈಗ ಬಿಕ್ಕುತ್ತಿರುವುದು ಸುತ್ತ ನಿಂತವರಿಗೂ ಕೇಳಿಸಿತು. ನಡುನಡುವೆ "ಮಾಡಾಕತ್ತೀನಿ ಯವ್ವಾ, ಮಾಡಾಕತ್ತೀನಿ," ಎನ್ನುತ್ತಿದ್ದಳು.

ಹೊರಡುವಾಗ ಸ್ವಪ್ನಾ ಚೀಟಿ, ಪೆನ್ನು ತೆಗೆದಳು. "ನಂಬರ್ ಬರೆದು ಕೊಡ್ತೀನಿ, ಇಟ್ಕೊಳ್ರಿ ಅಕ್ಕಾ. ಇನ್ನೊಮ್ಮಿ ತಪ್ಪಬಾರದಲ್ಲ."

"ಬ್ಯಾಡವ್ವಾ," ಎಂದಳು ಗೋಪಮ್ಮ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ಇನ್ನ ತಪ್ಪೂದಿಲ್ಲ. ಮನಿಯಾಗ ಮೂರು ಮಂದಿ ಅದೀವಿ. ನಂಬರಿನ್ಯಾಗ ನಾಕು."